ವೃಕ್ಷಮಿತ್ರ ಗುರುವಪ್ಪನವರ ಹುಟ್ಟುಹಬ್ಬ

ಹಾರಂಗಿ ಹಿನ್ನೀರಿನ ದಂಡೆ,
೧೨ ಜನವರಿ ೨೦೨೫

ಆನೆ, ಕಾಟಿ, ಜಿಗಣೆಗಳ ನೆರೆಹೊರೆಯಲ್ಲಿ ಬಿಡಾರ ಹೂಡಿರುವ ಅರಣ್ಯ ಕಾವಲುಗಾರ ಶ್ರೀಮಾನ್ ಸಣ್ಣಸ್ವಾಮಿಯವರ ಸಮ್ಮುಖಕ್ಕೆ, ಅವರ ಒಬ್ಬಳೇ ಮಗಳೂ, ಕುಶಾಲನಗರದ ಭವಿತ್‌ನ ಫ್ಲೆಕ್ಸ್ ಅಂಗಡಿಯ ಆಸ್ಥಾನ ಕವಿಯೂ ಆದ ಹರ್ಷಿತಾ ಒಪ್ಪಿಸುವ ವರದಿ:

ಅಪ್ಪಾ, ನಿನ್ನ ಕ್ಯಾಂಪಿಗೆ ಟವರ್ ಇಲ್ಲದ್ದು ಒಂದು ರೀತಿ ಒಳ್ಳೆಯದೇ ಆಯ್ತು. ಫೋನಲ್ಲಾಗಿದ್ದರೆ ‘ಊಟ ಆಯ್ತಾ’, ‘ಹೂಂ’, ‘ಇಡ್ಲಾ’ ಅನ್ನುವುದರೊಳಗೆ ತಂದೆ ಮಗಳ ಸಂಬಂಧ ಮುಗಿದುಹೋಗುತ್ತಿತ್ತು. ಈಗ ನೋಡು, ಸೋಮವಾರದ ರೇಷನ್ ಜೀಪಿನಲ್ಲಿ ಅಕ್ಕಿ, ಬೇಳೆ, ಈರುಳ್ಳಿಯ ಜೊತೆ ನನ್ನ ಸಾಹಿತ್ಯವೂ ಕಾಡು ಸೇರುತ್ತೆ. ಈರುಳ್ಳಿ ಕೊಳೆತರೂ ಅದು ಕೊಳೆಯಲ್ಲ.

ವಿಷಯಕ್ಕೆ ಬರ್ತೀನಿ. ನಿನ್ನೆ ಟಿಂಬರ್ ಗುರುವಪ್ಪ ನಮ್ಮ ಮನೆಗೆ ಚಿತ್ತೈಸಿದ್ದರು. ಅಜ್ಜಿಯ ಮಂಡಿನೋವು ವಿಚಾರಿಸೋಕಂತೆ. ಬಾಯಿ ಮಂಡಿಯನ್ನು ವಿಚಾರಿಸ್ತಿತ್ತು, ಕಣ್ಣು ಮಾತ್ರ ಹಿತ್ತಲಿನ ಬೀಟೆ ಮರದ ಮೇಲೆ. ಹೆಣ್ಣು ನೋಡೋಕೆ ಬಂದ ಗಂಡೂ ಅಷ್ಟು ನಾಚಿಕೆ ಬಿಟ್ಟು ನೋಡಲ್ಲ.

“ನಿಂಗಮ್ಮಾರೇ, ಆ ಮರದಿಂದ ನಿಮಗೇನು ಬತ್ತದೆ?” ಅಂದ.

“ನೆರಳು ಬತ್ತದಪ್ಪ.”

“ನೆರಳು ಮಾರಕ್ಕಾಯ್ತದಾ?”

“ಬಿಸಿಲು ಮಾರಿ ಉದ್ಧಾರ ಆದೋರು ಯಾರಾದ್ರೂ ಇದ್ರೆ ಕರ್ಕಂಬಾ, ರೇಟ್ ಕೇಳನ” ಅಂದಳು ಅಜ್ಜಿ.

ಚಂದ್ರು ಚಿಕ್ಕಪ್ಪ ಮಾತ್ರ ನಗಲಿಲ್ಲ. ಗುರುವಪ್ಪನಿಗೆ ಎರಡನೇ ಸಲ ಕಾಫಿ ತಂದುಕೊಟ್ಟ. ಗೇಟಿನವರೆಗೂ ಹೋಗಿ ಬೀಳ್ಕೊಟ್ಟ. ಗೇಟಿನ ಹತ್ತಿರ ಕಾಫಿ ಕುಡಿದದ್ದಕ್ಕಿಂತ ಜಾಸ್ತಿ ಹೊತ್ತು ನಿಂತಿದ್ದರು.

ಗುರುವಪ್ಪನ ಲೆಕ್ಕ ತಪ್ಪೇನಿಲ್ಲ ಅಪ್ಪಾ, ನನ್ನ ತಲೆನೋವೇ ಅದು. ಅಜ್ಜ ಅರಕಲಗೂಡು ಕಡೆಯಿಂದ ಬಂದು ಜಾಗ ಕೊಂಡ, ಮರಗಳ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳಲಿಲ್ಲ. ಹಾಗಾಗಿ ಮಣ್ಣು ನಮ್ಮದು, ಮರ ಸರ್ಕಾರದ್ದು. ಕಾಯೋರು ನಾವು, ಮಾರೋ ಹಕ್ಕು ಅವರದು. ಕೊಂಬೆ ಬಿದ್ದು ಹೆಂಚು ಒಡೆದರೆ ನಷ್ಟ ನಮಗೆ, ಮರ ಕಳುವಾದರೆ ಕೇಸು ಅಜ್ಜಿ ಮೇಲೆ. ಇಂಥ ಕಡೆ ಚೂರುಪಾರು ಕೊಡ್ತೀನಿ ಅಂತ ಬಂದೋನೂ ಕುಲದೇವರ ಥರಾನೇ ಕಾಣ್ತಾನೆ. ದಂಡೆಯುದ್ದಕ್ಕೂ ಒಬ್ಬೊಬ್ಬರ ಹಿತ್ತಲೂ ಬೋಳಾಗಿದ್ದು ಹೀಗೇ ತಾನೇ?

ಸೆಪ್ಟೆಂಬರಿನಲ್ಲಿ ನಿನ್ನ ಗಸ್ತಿನ ಜಾಗದಲ್ಲಿ ಮೂರು ಬೀಟೆ ಮಾಯವಾದವು. ಮರ ಸಿಗಲಿಲ್ಲ, ಕಳ್ಳ ಸಿಗಲಿಲ್ಲ, ಸುಲಭಕ್ಕೆ ನೀನು ಸಿಕ್ಕಿದೆ. ಇನ್ನೊಂದು ಮರ ಹೋದರೆ ಮನೆಗೆ ಹೋಗು ಅಂತ ರೇಂಜರ್ ಸಾಹೇಬರು ಹೇಳಿಯೇ ನಿನ್ನನ್ನು ಆ ಕ್ಯಾಂಪಿಗೆ ಕಳಿಸಿದ್ದು. ಆ ಇನ್ನೊಂದು ಮರ ಕಾವಲುಗಾರನ ಹಿತ್ತಲಿನದೇ ಆಗಿಬಿಟ್ಟರೆ?

ಆಜ್ಞೆಗಾಗಿ ಕಾಯುತ್ತಿದ್ದೇನೆ. ಪಾಲಿಸುತ್ತೇನೆ ಅಂತ ಮಾತು ಕೊಡುತ್ತಿಲ್ಲ.

ನಿನ್ನ ವಿಧೇಯಳೆಂದು ತಾನೊಬ್ಬಳೇ ನಂಬಿರುವ,
ಹರ್ಷಿತಾ

*

ಕ್ಯಾಂಪ್,
೨೦ ಜನವರಿ ೨೦೨೫

ಹರ್ಷಿ,

ಕಾಗದ ಸಿಕ್ತು. ಅಕ್ಕಿ ನೆಂದಿತ್ತು, ಕಾಗದ ನೆಂದಿರಲಿಲ್ಲ.

ಗುರುವಪ್ಪನ ತಂಟೆಗೆ ಹೋಗಬೇಡ. ಅವನು ಒಬ್ಬನಲ್ಲ. ಕಡಿಯೋನಿಗೆ ಕೂಲಿ, ಸಾಗಿಸೋನಿಗೆ ಬಾಡಿಗೆ, ನೋಡಿದೋನಿಗೆ ಕಾಫಿ ಖರ್ಚು, ನೋಡಿಲ್ಲ ಅನ್ನೋನಿಗೆ ಅದಕ್ಕಿಂತ ಜಾಸ್ತಿ. ಶಿರಂಗಾಲ ಚೆಕ್‌ಪೋಸ್ಟ್ ದಾಟಿಸಿ ಜಿಲ್ಲೆ ಬಿಡಿಸಿದರೆ ಆ ಮರದ ಬೆಲೆ ಎಷ್ಟು ಪಟ್ಟು ಏರುತ್ತೋ, ಅಷ್ಟೂ ಜನರ ಅನ್ನ ಅದರಲ್ಲಿದೆ. ಅನ್ನಕ್ಕೆ ಕಲ್ಲು ಹಾಕಿದರೆ ಸುಮ್ಮನಿರಲ್ಲ.

ಅವರು ಒಂದೇ ಸಲಕ್ಕೆ ಕಡಿಯಲ್ಲ. ಮೊದಲು ಬುಡದ ತೊಗಟೆಯನ್ನು ಸುತ್ತಲೂ ಬಳೆಯ ಹಾಗೆ ಕೆತ್ತಿ ಮಣ್ಣು ಮೆತ್ತುತ್ತಾರೆ. ಮರ ನಿಂತಲ್ಲೇ ಒಣಗುತ್ತೆ. ಆಮೇಲೆ ಒಣಮರ ಗಾಳಿಗೆ ಬಿತ್ತು ಅಂದರೆ ಆಯ್ತು. ಬುಡ ನೋಡು. ಗಾಯ ಇದ್ದರೆ ಕೆಮ್ಮಣ್ಣು, ಸಗಣಿ ಕಲಸಿ ದಪ್ಪಗೆ ಮೆತ್ತು. ಕೈಯಗಲ ತೊಗಟೆ ಉಳಿದಿದ್ದರೂ ಬದುಕುತ್ತೆ.

ರೇಂಜ್ ಆಫೀಸಿಗೆ ದೂರು ಕೊಡು. ಹುಡುಗಾಟ ಬೇಡ.

ಅವ್ವನ ಮಂಡಿಗೆ ಎಣ್ಣೆ ಹಚ್ಚು.

ಸಣ್ಣಸ್ವಾಮಿ

*

ಹಾರಂಗಿ ಹಿನ್ನೀರಿನ ದಂಡೆ,
೯ ಫೆಬ್ರವರಿ ೨೦೨೫

ಕಾಗದದಲ್ಲೂ ಗದರಿಸಬಲ್ಲ ಮಹಾನುಭಾವರಿಗೆ,

ಬುಡ ನೋಡಿದೆ. ನೀನು ಹೇಳಿದ ಹಾಗೇ ಇತ್ತು. ಹಸಿ ಮಣ್ಣು ಕೆರೆದರೆ ಒಳಗೆ ಕೊಡಲಿ ಏಟು, ಅರ್ಧ ಸುತ್ತಿಗಿಂತ ಜಾಸ್ತಿ. ಹಿಂಬದಿಗೆ ದಾಸವಾಳದ ಗಿಡ ಅಡ್ಡ ಇತ್ತಲ್ಲ, ಅಲ್ಲಿ ಕೈ ಆಡದೆ ಬಿಟ್ಟಿದ್ದಾರೆ. ನಾನೂ ಅಮ್ಮನೂ ಸಗಣಿ ಕಲಸಿದೆವು. ಅಜ್ಜಿ ಕುರ್ಚಿ ಹಾಕ್ಕೊಂಡು ಮೇಸ್ತ್ರಿಕೆ ಮಾಡಿದಳು. ಮುಗಿದ ಮೇಲೆ ಮರದ ಮೈ ಸವರಿ, “ನಿಂಗೂ ಮಂಡಿನೋವು ಬಂತಾ?” ಅಂತ ಕೇಳಿದಳು. ಅಷ್ಟು ಹೊತ್ತು ನಗ್ತಿದ್ದೋಳು ನಾನು ಆಗ ನಗಲಿಲ್ಲ.

ದೂರನ್ನೂ ಕೊಟ್ಟೆ. ಆಫೀಸಿನಲ್ಲಿ ಒಬ್ಬರು ನನ್ನ ಅರ್ಜಿಯನ್ನು ಗೌರವದಿಂದ ಓದಿ, “ಮರ ಈಗ ಎಲ್ಲಿದೆಯಮ್ಮಾ?” ಅಂದರು.

“ನಿಂತಿದೆ ಸಾರ್.”

“ನಿಂತಿದ್ಯಲ್ಲ, ಮತ್ತೆ ಕಳುವು ಎಲ್ಲಾಯ್ತು? ಬಿದ್ದ ಮೇಲೆ ಬಾ.”

“ಬಿದ್ದ ಮೇಲೆ ನಮ್ಮಜ್ಜಿ ಮೇಲೆ ಕೇಸ್ ಹಾಕ್ತೀರಲ್ಲ?”

“ಹೂಂ, ಅದಕ್ಕೆ ಅಜ್ಜಿನೂ ಕರ್ಕೊಂಡು ಬಾ” ಅಂದರು. ಎಷ್ಟು ಸರಳ ಆಡಳಿತ ನೋಡು.

ಇನ್ನು ಚಿಕ್ಕಪ್ಪ. “ಕೊಡಲಿ ಏಟು ಯಾರದು?” ಅಂತ ನೇರವಾಗಿ ಕೇಳಿದೆ. ಕೆಂಡವಾದ. “ನಾನೇನು ಕಳ್ಳನೇನೇ? ಆ ಮರ ಕಾಯ್ಕಂಡು ಅಪ್ಪ ಸತ್ತ, ಅಣ್ಣ ಕಾಡು ಸೇರಿದ. ಒಂದು ಬಾಗಿಲಿನ ಹಲಗೆನಾದ್ರೂ ನಮಗೆ ಸಿಕ್ತಾ? ಸರ್ಕಾರಕ್ಕೆ ಬೇಕಾದ್ರೆ ಸರ್ಕಾರ ಬಂದು ಕಾಯ್ಲಿ!” ಅಂದ. ಇದಕ್ಕೇನು ಉತ್ತರ ಅಪ್ಪಾ? ನಿನಗೆ ಹೊಳೆದರೆ ಬರಿ.

ಮರುದಿನ ತಾನೇ ಮೆತ್ತಗಾಗಿ ಬಂದು, “ಮಾರ್ಚ್ ಹದಿನಾರಕ್ಕೆ ಗುರುವಪ್ಪನ ಐವತ್ತನೇ ಹುಟ್ಟುಹಬ್ಬ, ಕುಶಾಲನಗರದ ಕಲ್ಯಾಣಮಂಟಪದಲ್ಲಿ ಹೋಳಿಗೆ ಊಟ. ಊರಿಗೆ ಊರೇ ಹೋಗುತ್ತೆ. ಮನೆ ಬೀಗ ಹಾಕಿ ಎಲ್ಲರೂ ಹೋಗೋಣ, ಅವ್ವನ್ನೂ ಕಾರಲ್ಲಿ ಕರ್ಕೊಂಡೋಗೋಣ” ಅಂದ. ಅಜ್ಜಿಯನ್ನು ಹಲ್ಲು ಡಾಕ್ಟರ ಹತ್ತಿರಕ್ಕೂ ಬಸ್ಸಲ್ಲಿ ಕಳಿಸಿದ ಚಿಕ್ಕಪ್ಪ! ಕಾರು! ಅವನಿಗೆ ಸುಳ್ಳು ಹೇಳೋಕೆ ಬರಲ್ಲ, ಮುಖ ತಿರುಗಿಸಿಬಿಡ್ತಾನೆ. ಆಗಲೂ ತಿರುಗಿಸಿದ.

ಅಂದರೆ ಮರ ಒಣಗುವವರೆಗೆ ಕಾಯುವ ತಾಳ್ಮೆ ಅವರಿಗೆ ಮುಗಿದಿದೆ. ಊರೆಲ್ಲ ಗುರುವಪ್ಪನ ಹೋಳಿಗೆ ತಿನ್ನುವ ಹೊತ್ತಿಗೆ ನಮ್ಮ ಹಿತ್ತಲಲ್ಲಿ ಗರಗಸ ಆಡುತ್ತೆ. ಗುರುವಪ್ಪ ವೇದಿಕೆ ಮೇಲೆ, ಸಾಕ್ಷಿಗೆ ಇಡೀ ಊರು.

ಇಷ್ಟರಲ್ಲಿ ಯಾರು ಫ್ಲೆಕ್ಸ್ ಮಾಡಿಸೋಕೆ ನಮ್ಮ ಅಂಗಡಿಗೇ ಬಂದರು ಹೇಳು? ಸಾಕ್ಷಾತ್ ಗುರುವಪ್ಪನವರು! ಬರುವ ಪಂಚಾಯಿತಿ ಎಲೆಕ್ಷನ್ನಿಗೆ ನಿಲ್ತಾರಂತೆ. “ನನ್ನ ಹೆಸರಿನ ಮುಂದೆ ಏನಾದ್ರೂ ತೂಕವಾಗಿ ಹಾಕಮ್ಮಾ” ಅಂದರು.

“ಸಮಾಜಸೇವಕ?”

“ಅದು ಬೀದಿಗೊಬ್ಬ ಇದಾನೆ.”

“ಬಡವರ ಬಂಧು?”

“ಬಂಧು ಅಂದ್ರೆ ಸಾಲ ಕೇಳ್ತಾರೆ.”

ನಾನು ಬಹಳ ಭಕ್ತಿಯಿಂದ, “ವೃಕ್ಷಮಿತ್ರ?” ಅಂದೆ.

ಹೊಟ್ಟೆ ಕುಣಿಸಿ ನಕ್ಕರು. “ಹಾಕು ಹಾಕು! ಮರಕ್ಕೂ ನನಗೂ ಇರೋ ಸಂಬಂಧ ಊರಿಗೇ ಗೊತ್ತು!” ಡಿಸೈನ್ ಒಪ್ಪಿ ಹೋದರು. ಅಲ್ಲಿ ಇನ್ನೂ ಒಂದಿಷ್ಟು ಜಾಗ ಖಾಲಿ ಇದೆ ಅಪ್ಪಾ. ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರಲ್ಲ, ನಿನಗೆ ಗೊತ್ತು.

ಸಗಣಿ ವಾಸನೆ ಇನ್ನೂ ಹೋಗದ,
ಹರ್ಷಿತಾ

*

ಕ್ಯಾಂಪ್,
೨೪ ಫೆಬ್ರವರಿ ೨೦೨೫

ಹರ್ಷಿ,

ಏನು ಮಾಡ್ತಿದ್ದೀಯ ಅಂತ ಅರ್ಧ ಗೊತ್ತಾಯ್ತು. ಮಿಕ್ಕರ್ಧ ಗೊತ್ತಾಗೋದು ಬೇಡ. ಸುಳ್ಳು ಬರೆಯಬೇಡ, ಅಷ್ಟೇ.

ನಾನು ಬರೋಣ ಅಂದರೆ ಕ್ಯಾಂಪ್ ಬಿಡೋ ಹಾಗಿಲ್ಲ. ಬಿಟ್ಟರೆ ಅವರಿಗೆ ಅದೇ ನೆವ. ಹದಿನಾರನೇ ತಾರೀಖು ಅವ್ವನ ಹತ್ತಿರ ಯಾರಾದರೂ ಇರಬೇಕು.

ಚಂದ್ರುಗೆ ಬೈಬೇಡ. ಅವನ ಪ್ರಶ್ನೆಗೆ ಉತ್ತರ ಕೇಳಿದ್ದೀಯ. ಹದಿನೆಂಟು ವರ್ಷದಿಂದ ನಾನೂ ಹುಡುಕ್ತಿದ್ದೀನಿ. ಮರ ಕಾದೋನಿಗೆ ಮರದಲ್ಲಿ ಪಾಲಿಲ್ಲ ಅನ್ನೋದು ನಿಜ. ಕಾಯದೆ ಇದ್ದರೆ ನಿದ್ದೆ ಬರಲ್ಲ ಅನ್ನೋದೂ ನಿಜ.

ಸೆಪ್ಟೆಂಬರಿನಲ್ಲಿ ಅವನು ಏನಾದರೂ ನೋಡಿದ್ದನೇನೋ. ನಾನು ಕೇಳಲಿಲ್ಲ. ನೀನೂ ಕೇಳಬೇಡ. ಅವನಿಗೆ ಹೇಳಬೇಕು ಅನಿಸಿದಾಗ ಹೇಳಲಿ.

ಸಣ್ಣಸ್ವಾಮಿ

*

ಹಾರಂಗಿ ಹಿನ್ನೀರಿನ ದಂಡೆ,
೧೬ ಮಾರ್ಚ್ ೨೦೨೫, ಸಂಜೆ

ಅಪ್ಪಾ, ಅಪ್ಪಾ, ಅಪ್ಪಾ!

ಬಿರುದಾವಳಿ ಬರೆಯುವಷ್ಟು ವ್ಯವಧಾನವಿಲ್ಲ. ಕೂತು ಓದು. ನಿಂತಿದ್ದರೆ ಬೀಳ್ತೀಯ.

ಮೊದಲು ಫ್ಲೆಕ್ಸಿನ ವರ್ಣನೆ. ಕಲ್ಯಾಣಮಂಟಪದ ಬಾಗಿಲಷ್ಟೇ ಎತ್ತರ. ಎಡಕ್ಕೆ ಕೈಮುಗಿದ ಗುರುವಪ್ಪ. ಬಲಕ್ಕೆ ಚಿಗುರಿ ನಿಂತ ನಮ್ಮ ಬೀಟೆ ಮರ, ಗುರುವಪ್ಪನಿಗಿಂತ ಚೂರು ದೊಡ್ಡದು. ನಡುವೆ ನನ್ನ ಕಾವ್ಯ: ‘ದಂಡೆಯ ನಿಂಗಮ್ಮನವರ ಹಿತ್ತಲಿನ ನೂರು ವರ್ಷದ ಬೀಟೆ ಮರವನ್ನು ದತ್ತು ಪಡೆಯಲಿರುವ ವೃಕ್ಷಮಿತ್ರ ಶ್ರೀ ಗುರುವಪ್ಪನವರಿಗೆ ಐವತ್ತರ ಶುಭಾಶಯ.’ ಪಡೆಯಲಿರುವ! ಭವಿಷ್ಯತ್ತಿನ ಬಗ್ಗೆ ಹೇಳಿದ್ದು ಸುಳ್ಳಾಗಲ್ಲ ಅಪ್ಪಾ, ನಿನ್ನ ಮಾತು ಮೀರಿಲ್ಲ.

ಕೆಳಗೆ ಶುಭ ಕೋರುವವರ ತಲೆಗಳು. ಇದೇ ನನ್ನ ಕೋಟೆ. ಹಿಂದಿನ ವಾರವೇ ಒಬ್ಬೊಬ್ಬರಿಗೂ ಫೋನ್ ಮಾಡಿ, “ಮರ ಉಳಿಸುವ ಬ್ಯಾನರ್ ಸಾರ್, ನಿಮ್ಮ ಫೋಟೋ ಇಲ್ಲದಿದ್ರೆ ಚೆನ್ನಾಗಿರಲ್ಲ” ಅಂದಿದ್ದೆ. ಸೊಸೈಟಿ ಡೈರೆಕ್ಟರು ಕಳಿಸಿದರು. ಲಾರಿ ಮಾಲೀಕರು ಕಳಿಸಿ, “ನನ್ನ ತಲೆ ಡೈರೆಕ್ಟರ ತಲೆಗಿಂತ ಚಿಕ್ಕದಾಗಬಾರದು” ಅಂದರು. ರೇಂಜರ್ ಸಾಹೇಬರು ಟೋಪಿ ಹಾಕಿದ ಫೋಟೋನೇ ಕಳಿಸಿದರು. ಅವರ ಕೆಳಗೆ ‘ಅರಣ್ಯ ಸಿಂಹ’ ಅಂತ ನಾನೇ ಉಚಿತವಾಗಿ ಹಾಕಿದೆ. ನೀನು ಹೇಳಿದ್ದೆಯಲ್ಲ, ಒಂದು ಮರದಲ್ಲಿ ಬಹಳ ಜನರ ಅನ್ನ ಇದೆ ಅಂತ. ಅಷ್ಟೂ ಜನರನ್ನು ಮರದ ಪರವಾಗಿ ಸಾಲಾಗಿ ನಿಲ್ಲಿಸಿಬಿಟ್ಟೆ! ಭವಿತ್ ಮಾತ್ರ, “ಏ ಹರ್ಷಿ, ನನ್ನ ಅಂಗಡಿ ಸುಡಿಸ್ತೀಯ ನೀನು” ಅಂತ ಬೆವರುತ್ತಲೇ ಪ್ರಿಂಟ್ ತೆಗೆದ.

ಗುರುವಪ್ಪ ಬಿಳಿ ಪಂಚೆಯಲ್ಲಿ ಕಾರಿಳಿದು ಫ್ಲೆಕ್ಸ್ ಓದಿದ. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. “ಏನಮ್ಮಾ ಇದು?” ಅಂತ ಹಲ್ಲು ಕಚ್ಚಿದ. ಅಷ್ಟರಲ್ಲಿ ರೇಂಜರ್ ಸಾಹೇಬರು ಬಂದರು. ಮೊದಲು ತಮ್ಮ ತಲೆ ಹುಡುಕಿಕೊಂಡರು, ಸಿಂಹ ಓದಿದರು, ಕರಗಿಹೋದರು.

“ಏನ್ರೀ ಗುರುವಪ್ಪ, ಇಷ್ಟು ದೊಡ್ಡ ಮನಸ್ಸು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ?”

“ಅದು... ಸಾರ್... ಹುಡುಗರು ಅಭಿಮಾನಕ್ಕೆ...”

ಸೌಂಡ್ ಸಿಸ್ಟಮ್ಮೂ ನಮ್ಮ ಅಂಗಡಿಯದೇ. ಮೈಕು ನನ್ನ ಕೈಯಲ್ಲಿತ್ತು. ಮಂತ್ರ ಹೇಳುವ ಗಾಂಭೀರ್ಯದಲ್ಲಿ ಘೋಷಿಸಿದೆ: “ಪ್ರಿಯ ಬಂಧುಗಳೇ, ವೃಕ್ಷಮಿತ್ರರಿಗೆ ಅರಣ್ಯ ಸಿಂಹರು ಆ ಮರದ ಬುಡದಲ್ಲೇ ಮೈಸೂರು ಪೇಟ ತೊಡಿಸಬೇಕೆಂದು ಅಭಿಮಾನಿಗಳ ಆಸೆ. ಅದಾದ ಮೇಲೆಯೇ ಊಟ.”

ಊಟ ಆಮೇಲೆ ಅಂದರೆ ಜನ ಕಾಯಲ್ಲ ಅಪ್ಪಾ, ಮೊದಲು ಆಗಬೇಕಾದ್ದನ್ನು ಓಡಿಹೋಗಿ ಮುಗಿಸ್ತಾರೆ. ಬೈಕು, ಜೀಪು, ಪಿಕಪ್ಪು, ಎಲ್ಲ ಸ್ಟಾರ್ಟ್ ಆದವು. ವಾಲಗದವರನ್ನು ಮುಂದೆ ಹತ್ತಿಸಿದೆವು. ಸಾಹೇಬರು ಗುರುವಪ್ಪನ ಹೆಗಲ ಮೇಲೆ ಕೈ ಹಾಕಿ ತಮ್ಮ ಜೀಪಿಗೇ ಕರ್ಕೊಂಡರು. ಫೋನು ಅವನ ಕಾರಿನಲ್ಲೇ ಉಳೀತು. ಅವನ ಕೈಯಲ್ಲಿದ್ದದ್ದು ಹಾರ, ಶಾಲು, ಹಣ್ಣಿನ ಬುಟ್ಟಿ. ಹಿಂದಿನ ಬೈಕಲ್ಲಿದ್ದ ಚಿಕ್ಕಪ್ಪ ಬೆಳ್ಳಗಾಗಿದ್ದ.

ಇತ್ತ ಹಿತ್ತಲಲ್ಲಿ ಅಜ್ಜಿ. ಅವಳೂ ಅಮ್ಮನೂ ಊಟಕ್ಕೆ ಬರಲ್ಲ ಅಂತ ಹಟ ಹಿಡಿದು ಉಳಿದಿದ್ದರು. ಮರ ಕಡಿಯೋರು ಬಂದಾಗ ಅಜ್ಜಿ ಮರದ ಬುಡದಲ್ಲೇ ಕುರ್ಚಿ ಹಾಕಿ ಕೂತಿದ್ದಳಂತೆ. ಅವರ ಮುಖಂಡ ಚಿಕ್ಕ ಅಂತ, ನೆಲ್ಯಹುದಿಕೇರಿ ಕಡೆ ಕಾಫಿ ಎಸ್ಟೇಟಿನ ಕೂಲಿ ಲೈನ್‌ಮನೆಯಲ್ಲಿರೋನು. “ಅಜ್ಜೀ, ಒಂಚೂರು ಎದ್ದು ಆಚೆ ಕೂತ್ಕೊಳಿ” ಅಂತ ಬೇಡಿಕೊಂಡನಂತೆ. ಅಜ್ಜಿ, “ಬಿಸ್ಲಲ್ಲಿ ಬಂದಿದೀರ, ಕಾಫಿ ಕುಡ್ದು ಕಡೀರಪ್ಪ. ಮರ ಎಲ್ಲೋಡೋಯ್ತದೆ?” ಅಂತ ಅಮ್ಮನಿಂದ ಕಾಫಿ ಮಾಡಿಸಿದಳು. ಆಮೇಲೆ ಹಲಸಿನ ಚಿಪ್ಸ್. ಆಮೇಲೆ ಚಿಕ್ಕನ ಹೆಂಡತಿ ಬಾಣಂತನದ ವಿಚಾರ. ನಾವು ವಾಲಗ ಊದಿಸಿಕೊಂಡು ಒಳಗೆ ನುಗ್ಗಿದಾಗ ಕೊಂಬೆಗೆ ಹಗ್ಗ ಬಿಗಿದಿತ್ತು, ಪೆಟ್ರೋಲ್ ತುಂಬಿದ ಗರಗಸ ಕುರ್ಚಿ ಪಕ್ಕ ಕೂತಿತ್ತು, ಚಿಕ್ಕನ ಕೈಯಲ್ಲಿ ಲೋಟ ಇತ್ತು.

ಚಿಕ್ಕ ಗುರುವಪ್ಪನನ್ನು ನೋಡಿ ಅರಳಿದ. “ಅಣ್ಣಾ! ನೀವು ಬರಲ್ಲ ಅಂದಿದ್ರಿ! ಓಲಗ ಬೇರೆ ತಂದಿದೀರಾ? ಪೂಜೆ ಮಾಡ್ಸಿ ಕಡ್ಸೋದಾ?”

ವಾಲಗ ನಿಂತಿತು.

ಗುರುವಪ್ಪ ಹಣ್ಣಿನ ಬುಟ್ಟಿ ಎತ್ತಿ ಕೂಗಿದ: “ಯಾರೋ ನೀನು? ಹಿಡೀರಿ ಸಾರ್ ಈ ಕಳ್ಳರನ್ನ! ನನ್ನ ದತ್ತುಮರಕ್ಕೆ ಕೈ ಹಾಕಿದಾರೆ!”

ಚಿಕ್ಕ ಲೋಟ ಕೆಳಗಿಟ್ಟ. ನಿಧಾನಕ್ಕೆ ಇಟ್ಟ, ಅಜ್ಜಿಯ ಲೋಟ ಅಂತ. ಆಮೇಲೆ ಶುರು ಮಾಡಿದ. “ಕಳ್ಳ ನಾನಾ? ಸೆಪ್ಟೆಂಬರಲ್ಲಿ ಮೂರು ಮರ ಕಡಿಸಿದ್ರಿ. ದಿಮ್ಮಿಗಳನ್ನ ಹಿನ್ನೀರಿಗೆ ಉರುಳಿಸಿ, ಗಲಾಟೆ ತಣ್ಣಗಾಗ್ಲಿ, ನೀರು ಇಳೀಲಿ, ಎತ್ತಿ ಮಾರಿದ ಮೇಲೆ ಕೂಲಿ ಅಂದ್ರಿ. ಆರು ತಿಂಗಳಾಯ್ತು, ಮಕ್ಳಿಗೆ ನೀರು ಕುಡಿಸ್ಲಾ? ಬನ್ನಿ ಸಾರ್, ಜಾಗ ತೋರಿಸ್ತೀನಿ!”

ಹಸಿ ಬೀಟೆ ಕಲ್ಲಿನ ಹಾಗೆ ಮುಳುಗುತ್ತೆ ಅಂತ ನೀನೇ ಹೇಳಿದ್ದೆ. ಇಷ್ಟು ದಿನ ಎಲ್ಲರೂ ರಸ್ತೆ ಹುಡುಕಿದರು, ಚೆಕ್‌ಪೋಸ್ಟ್ ಹುಡುಕಿದರು. ನಿನ್ನ ಮೂರು ಮರ ನಮ್ಮ ಮನೆಯಿಂದ ಕೂಗಳತೆ ದೂರದಲ್ಲಿ ನೀರೊಳಗೆ ಮಲಗಿದ್ದವು!

ಸಾಹೇಬರು ಆ ಕಡೆ ಈ ಕಡೆ ನೋಡಿದರು. ಬೇರೆ ದಿನವಾಗಿದ್ದರೆ ಏನಾಗ್ತಿತ್ತೋ ಗೊತ್ತಿಲ್ಲ. ಸುತ್ತ ಎಲ್ಲರ ಮೊಬೈಲೂ ಅವರ ಕಡೆಗೇ ತಿರುಗಿತ್ತು. ಸಿಂಹ ಗರ್ಜಿಸಲೇಬೇಕಾಯ್ತು.

ಆಗ ಅಪ್ಪಾ, ಚಿಕ್ಕಪ್ಪ ಜನರನ್ನು ಸರಿಸಿಕೊಂಡು ಮುಂದೆ ಬಂದ. ಮುಖ ತಿರುಗಿಸದೆ ಹೇಳಿದ: “ಸಾರ್, ಅವತ್ತು ಗುರುವಪ್ಪನ ಪಿಕಪ್ ದಂಡೆಗೆ ಇಳಿದಿದ್ದು ನಾನು ನೋಡಿದ್ದೆ. ಈ ಮರಕ್ಕೂ ನಾನೇ ಹೂಂ ಅಂದಿದ್ದೆ. ನಮ್ಮಣ್ಣನ ಮೇಲೆ ಬಂದಾಗ ಬಾಯಿ ಬಿಡ್ಲಿಲ್ಲ. ಬರ್ಕೊಳಿ.” ನಾನು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಗುರುವಪ್ಪನನ್ನು ಅದೇ ಜೀಪಿನಲ್ಲಿ ಕರ್ಕೊಂಡು ಹೋದರು, ಹಾರದ ಸಮೇತ. ಪೇಟ ಯಾರಿಗೂ ತೊಡಿಸದೆ ಉಳಿದಿತ್ತು. ಅಜ್ಜಿ ಕೈ ಚಾಚಿ ಇಸ್ಕೊಂಡು ಚಿಕ್ಕಪ್ಪನ ಕೈಗೆ ಕೊಟ್ಟಳು: “ತಗಾ, ಹಗ್ಗ ಬಿಚ್ಚು, ಇದ್ನ ಕಟ್ಟು.” ಅವನು ಮರ ಹತ್ತಿ ಕಟ್ಟಿ ಬಂದ.

ಆಮೇಲೆ ಎಲ್ಲರೂ ವಾಪಸ್ ಹೋಗಿ ಊಟ ಮಾಡಿದೆವು. ಮಾಡಿದ ಅಡುಗೆ ಕೆಡಿಸಬಾರದಲ್ಲ. ವೃಕ್ಷಮಿತ್ರರು ರೇಂಜ್ ಆಫೀಸಿನಲ್ಲಿ, ಅವರ ಐವತ್ತರ ಹೋಳಿಗೆ ನಮ್ಮ ಎಲೆಯಲ್ಲಿ. ತುಪ್ಪ ಧಾರಾಳವಾಗಿತ್ತು ಅಪ್ಪಾ.

ಗಂಟಲು ಕಟ್ಟಿಕೊಂಡ, ಆದರೂ ಮಾತು ನಿಲ್ಲದ,
ಹರ್ಷಿತಾ

*

ಕ್ಯಾಂಪ್,
೨೪ ಮಾರ್ಚ್ ೨೦೨೫

ಹರ್ಷಿ,

ಓದಿದೆ. ಜೊತೆಯವರಿಗೂ ಜೋರಾಗಿ ಓದಿ ಹೇಳಿದೆ. ಕಾಫಿ ಕುಡಿದು ಕಡೀರಪ್ಪ ಅನ್ನೋ ಕಡೆ ಇನ್ನೊಂದು ಸಲ ಓದಿಸಿದರು. ಒಲೆ ಮೇಲಿದ್ದ ಅನ್ನ ಸೀದುಹೋಯ್ತು. ಯಾರೂ ಬೈಕೊಳ್ಳಲಿಲ್ಲ.

ದಿಮ್ಮಿ ಎತ್ತಿದರಾ? ಬಾಯಿಮಾತಿಗೆ ನನ್ನ ಹೆಸರು ತೊಳೆಯಲ್ಲ. ಮೂರೂ ಮೇಲೆ ಬರಬೇಕು.

ಚಂದ್ರು ಮೇಲೆ ಕೇಸ್ ಆಗುತ್ತಾ? ಊಟ ಮಾಡ್ತಿದ್ದಾನಾ? ಅವನು ಮರ ಹತ್ತಿದ ಅಂತ ಬರೆದಿದ್ದೀಯ. ಚಿಕ್ಕಂದಿನಲ್ಲಿ ಹತ್ತೋಕೆ ಕಲಿಸಿದ್ದು ನಾನು.

ಅಪ್ಪ

*

ಹಾರಂಗಿ ಹಿನ್ನೀರಿನ ದಂಡೆ,
೬ ಏಪ್ರಿಲ್ ೨೦೨೫

ಅಪ್ಪಾ,

ಬಂದವು! ಮೂರೂ ಬಂದವು!

ಕಾಲುವೆಗೆ ನೀರು ಬಿಟ್ಟ ಮೇಲೆ ದಂಡೆ ದಿನದಿನಕ್ಕೂ ಕೆಳಗಿಳೀತಾ ಹೋಯ್ತು. ಗುರುವಾರ ಬೆಳಗ್ಗೆ ಕೆಸರಿನಲ್ಲಿ ಮೊದಲನೇ ದಿಮ್ಮಿಯ ಬೆನ್ನು ಕಂಡಿತು, ಎಮ್ಮೆ ಮಲಗಿದ ಹಾಗೆ. ಕ್ರೇನ್ ಬಂತು. ಒಂದೊಂದು ಮೇಲೆ ಬಂದಾಗಲೂ ಊರಿನವರು ಕ್ರಿಕೆ‌ಟ್ಟಿನ ಹಾಗೆ ಕೂಗಿದರು. ತೊಗಟೆ ಕೊಳೆತಿದೆ, ಒಳಗಿನ ಕೆಂಪು ಹಾಗೇ ಇದೆ. ಇಲಾಖೆಯವರು ಸುತ್ತಿಗೆಯಿಂದ ಗುರುತು ಹೊಡೆದರು. ಒಂದೊಂದು ಏಟಿಗೂ ಅಮ್ಮ ಸೆರಗಲ್ಲಿ ಕಣ್ಣು ಒರೆಸಿಕೊಂಡಳು. ಧೂಳು ಅಂದಳು. ಕೆಸರಲ್ಲಿ ಎಲ್ಲಿಯ ಧೂಳು!

ಸರ್ಕಾರವೂ ತನ್ನ ಕರ್ತವ್ಯ ಮರೆತಿಲ್ಲ. ಸರ್ಕಾರಿ ಮರದ ತೊಗಟೆಗೆ ಗಾಯವಾದದ್ದು ಹೇಗೆ ಅಂತ ಅಜ್ಜಿಗೆ ನೋಟಿಸ್ ಬಂದಿದೆ! “ನನ್ ಮರ ಆಗಿದ್ರೆ ನಾನ್ ಹೇಳ್ತಿದ್ದೆ. ಅವ್ರದಲ್ವಾ, ಅವ್ರೇ ಮರನ ಕೇಳ್ಕಳ್ಳಿ” ಅಂದಳು. ನಾನು ಅದನ್ನು ಅಕ್ಷರಶಃ ಹಾಗೇ ಬರೆದು ಕಳಿಸಿದ್ದೇನೆ. ಕಾಯೋರಿಗೂ ಮರದಲ್ಲಿ ಪಾಲು ಕೊಡಿ ಅಂತ ಕೊನೆಗೊಂದು ಸಾಲನ್ನೂ ಸೇರಿಸಿದ್ದೇನೆ. ದಂಡೆಯವರೆಲ್ಲ ಸಹಿ ಹಾಕಿದ್ದಾರೆ, ಹಿತ್ತಲು ಬೋಳಾದವರೂ.

ಗುರುವಪ್ಪನಿಗೆ ಜಾಮೀನು ಸಿಕ್ಕಿದೆ. ಸಿಕ್ಕ ದಿನವೇ ಬಂದು ಫ್ಲೆಕ್ಸ್ ಇಳಿಸು ಅಂದ. ಲಾರಿ ಮಾಲೀಕರು, “ಅದರಲ್ಲಿ ನನ್ನ ತಲೆ ಇದೆ, ಹೆಂಗೆ ಇಳಿಸ್ತೀಯ?” ಅಂತ ಜಗಳಕ್ಕೆ ನಿಂತರು. ಚಿಕ್ಕಪ್ಪನನ್ನು ಸಾಕ್ಷಿ ಮಾಡಿಕೊಂಡಿದ್ದಾರೆ, ಚಿಕ್ಕನನ್ನೂ. ಇಬ್ಬರೂ ಊಟ ಮಾಡ್ತಿದ್ದಾರೆ.

ಈಗ ಮುಖ್ಯ ವಿಷಯ. ನಿನ್ನ ಮೇಲಿನ ಆರೋಪ ಕೈಬಿಟ್ಟಿದ್ದಾರೆ. ನಾಳೆಯಿಂದ ನಿನಗೆ ಮೊದಲಿನ ಗಸ್ತೇ, ನಮ್ಮ ದಂಡೆಯೇ. ಆರ್ಡರ್ ಇದೇ ಜೀಪಿನಲ್ಲಿ ಬಂದಿದೆ, ಡ್ರೈವರ್ ಹತ್ತಿರ ಇಸ್ಕೋ. ವಾಪಸ್ ಬರೋಕೂ ಇದೇ ಜೀಪು, ಮುಂದಿನ ಸೋಮವಾರದವರೆಗೆ ಬೇರೆ ಇಲ್ಲ. ಹಾಗಾಗಿ ಇದನ್ನು ಓದ್ತಾ ನಿಂತಿರಬೇಡ, ಬಟ್ಟೆ ಗಂಟು ಕಟ್ಟು.

ಚಿಕ್ಕಪ್ಪನಿಗೂ ಎರಡು ಸಾಲು ಬರಿ ಅಂದೆ. ಪೆನ್ನು ಹಿಡಿದು ‘ಅಣ್ಣಾ’ ಅಂತ ಬರೆದು ಹೊಡೆದುಹಾಕಿದ. ಕೊನೆಗೆ ಪೆನ್ನಿಟ್ಟು, “ನಾನೇ ಹೋಯ್ತೀನಿ” ಅಂದ.

ಜೀಪಿನ ಹಿಂದಿನ ಸೀಟು ನೋಡು ಅಪ್ಪಾ. ಅಕ್ಕಿ ಮೂಟೆ ಪಕ್ಕ ಕೂತಿದ್ದಾನೆ. ಅವನು ತಾನಾಗಿ ಇಳಿಯಲ್ಲ, ನೀನೇ ಕರಿ.

ಗೇಟಿನಲ್ಲಿ ಕಾಯುತ್ತಿರುವ,
ಹರ್ಷಿ